ಮುದ್ದಕ್ಕ ಮುಟ್ಟದ ಬೆಲ್ಲ

ಮುದ್ದಕ್ಕನ ಎಡಗಾಲಿನ ಹೆಬ್ಬೆರಳು ಕಪ್ಪಾಗಿದ್ದನ್ನು ಮೊದಲು ಕಂಡವಳು ನಾನು. ಧಾತು ಸಂವತ್ಸರದ ಕಾರ್ತಿಕ ಮಾಸ, ಚಳಿ ಆಗತಾನೇ ಶುರುವಾಗಿತ್ತು. ನಮ್ಮ ಮಧುಗಿರಿ ಮನೆಯ ಬಚ್ಚಲಿನಲ್ಲಿ ಅವಳು ಎರಡೂ ಕಾಲು ಚಾಚಿ ಕೂತು, ನನ್ನ ಮಗಳು ವಿಶಾಲುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನೀರೆರೆಯುತ್ತಿದ್ದಳು. ನಾನು ಯಾವತ್ತಿನಂತೆ ಬಾಗಿಲ ಹತ್ತಿರ ನಿಂತು, ನೀರು ಬಿಸಿಯಾಯಿತೇನೋ, ಮೂಗಿಗೆ ಹೋಯಿತೇನೋ ಎಂದು ಕೈ ಹಿಸುಕಿಕೊಳ್ಳುತ್ತಿದ್ದೆ. ಹಬೆ ಸ್ವಲ್ಪ ಸರಿದಾಗ ಆ ಬೆರಳು ಕಂಡಿತು. ಉಗುರಿನ ಪಕ್ಕದಲ್ಲಿ ಹುಣ್ಣು, ಅದರ ಸುತ್ತ ಸುಟ್ಟ ಬದನೆಕಾಯಿಯ ಸಿಪ್ಪೆಯಂಥ ಕಪ್ಪು.

ಏನಿದು ಎಂದು ಕೇಳಿದ್ದಕ್ಕೆ, ಕೋಟೆ ಬುಡದ ಬಂಡೆಗೆ ಎಡವಿದ್ದು, ತಿಂಗಳ ಮೇಲಾಯಿತು ಎಂದಳು. ಅರಿಸಿನ ಹಚ್ಚಿದ್ದಳಂತೆ, ಬಟ್ಟೆ ಸುಟ್ಟ ಬೂದಿ ಇಟ್ಟಿದ್ದಳಂತೆ, ಯಾವುದಕ್ಕೂ ಮಾಯುತ್ತಿರಲಿಲ್ಲ. ನೋವು ಎಷ್ಟಿದೆ ಎಂದೆ.

“ನೋವೇ ಇಲ್ಲ ಕಣವ್ವ. ಅದೊಂದು ಪುಣ್ಯ.”

ಆ ಮಾತೇ ನನ್ನನ್ನು ಹೆದರಿಸಿತು. ಬೆಂಗಳೂರಿನಲ್ಲಿ ನಮ್ಮ ಶಾಲೆಯ ಎದುರು ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಅವರ ಕಾಲೂ ಹೀಗೇ ನೋಯದೆ ಕಪ್ಪಾಗಿತ್ತು. ಆಮೇಲೆ ಅವರನ್ನು ಮನೆಯವರು ಎತ್ತಿಕೊಂಡು ಬಂದು ಬಿಸಿಲಿಗೆ ಕೂರಿಸುತ್ತಿದ್ದರು, ಪಂಚೆ ಒಂದು ಕಡೆ ಖಾಲಿಯಾಗಿ ನೇತಾಡುತ್ತಿತ್ತು. ಪಾಠದ ನಡುವೆ ಕಿಟಕಿಯಿಂದ ಅದನ್ನೇ ನೋಡುತ್ತಿದ್ದವಳು ನಾನು.

ಮುದ್ದಕ್ಕ ನಮ್ಮ ಬೀದಿಗಳ ಸೂಲಗಿತ್ತಿ. ಅವಳ ಮನೆತನದವರು ಕೋಟೆಯ ಬುಡದಲ್ಲಿ ಯಾವ ಕಾಲದಿಂದಲೋ ಇದ್ದವರು. ಗಂಡ ಪಾಲಪ್ಪ ಗಾಡಿ ಹೊಡೆಯುತ್ತಿದ್ದವನು, ಊರೂರಿಗೆ ಜ್ವರ ಬಂದ ವರ್ಷ ತೀರಿಕೊಂಡ. ಆಗ ಅವಳ ಅತ್ತೆ, ಅಳುತ್ತಾ ಕೂತ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿ, ಹೆರಿಗೆ ಮನೆಗಳಿಗೆ ಜೊತೆಯಲ್ಲಿ ಕರೆದುಕೊಂಡು ಹೋದಳಂತೆ. ಅಲ್ಲಿಂದ ಶುರುವಾದದ್ದು ಈ ಕೆಲಸ. ಇರುವ ಒಬ್ಬಳೇ ಮಗಳು ಚಿಕ್ಕಕ್ಕ ಪಾವಗಡದ ಕಡೆ ನಾಗಲಮಡಿಕೆಯಲ್ಲಿ ಬಾಳುತ್ತಿದ್ದಳು. ಮುದ್ದಕ್ಕನದು ದಪ್ಪ ಮೈ, ಆದರೂ ಬೀಸುನಡಿಗೆ. ಬೆಳಿಗ್ಗೆ ಎದ್ದರೆ ಒಂದು ಮನೆಯ ಬಾಣಂತಿಗೆ ಎರೆದು, ಇನ್ನೊಂದು ಮನೆಯ ಕೂಸಿಗೆ ಎಣ್ಣೆ ನೀವಿ, ಮತ್ತೊಂದು ಬೀದಿಗೆ ಹೊರಟುಬಿಡುತ್ತಿದ್ದಳು. ಕರೆ ಬಂದರೆ ಹೊಲದ ಹಾದಿಯಲ್ಲಿ ಹಳ್ಳಿಗಳಿಗೂ ಹೋಗುತ್ತಿದ್ದಳು. ನಡೆದರೇ ಅವಳ ಅನ್ನ.

ಬಾಣಂತನ ಮಾಡಲು ನನಗೆ ತಾಯಿ ಇರಲಿಲ್ಲ. ಚೊಚ್ಚಲ ಹೆರಿಗೆ ಅತ್ತೆಮನೆಯಲ್ಲೇ ಆಯಿತು. ಹೆದರಿಕೆಯಲ್ಲಿ ನಾನು ಮುದ್ದಕ್ಕನ ಮುಂಗೈ ಹಿಡಿದವಳು ಕೂಸು ಹುಟ್ಟುವವರೆಗೆ ಬಿಡಲೇ ಇಲ್ಲ. ಮಾರನೆಯ ದಿನ ಅವಳು ಉಗುರಿನ ಗಾಯಗಳನ್ನು ತೋರಿಸಿ, “ನೋಡವ್ವ, ಇಸ್ಕೂಲಲ್ಲಿ ಕಲ್ತಿದ್ದನ್ನೆಲ್ಲ ನನ್ನ ಕೈಮೇಲೆ ಬರ್ದುಬುಟ್ಟಿದ್ದೀಯ” ಎಂದು ನಕ್ಕಿದ್ದಳು. ಅವಳಿಲ್ಲದೆ ಇನ್ನೊಂದು ಹೆರಿಗೆ ಎನ್ನುವುದನ್ನು ನಾನು ಮನಸ್ಸಿನಲ್ಲಿ ಕೂಡ ತಂದುಕೊಳ್ಳಲಾರದವಳು.

ಆಸ್ಪತ್ರೆಗೆ ಹೋಗಲು ಅವಳು ಒಪ್ಪಿದ್ದು ನನ್ನ ಕಾಟ ತಾಳಲಾರದೆ. ಡಾಕ್ಟರು ಬೆರಳನ್ನು ಮುಟ್ಟಿ, ಸೂಜಿಯಿಂದ ಚುಚ್ಚಿ ನೋಡಿದರು. ಅವಳು ಕಿಟಕಿಯ ಕಡೆ ನೋಡುತ್ತಾ ಕೂತಿದ್ದಳು, ಚುಚ್ಚಿದ್ದು ಅವಳಿಗೆ ತಿಳಿಯಲೇ ಇಲ್ಲ. ಆಮೇಲೆ ಮೂತ್ರ ಪರೀಕ್ಷೆ. ಕಂಪೌಂಡರ್ ನಾಗಲಿಂಗಯ್ಯನವರು ಗಾಜಿನ ನಳಿಗೆಯಲ್ಲಿ ನೀಲಿ ಔಷಧಿ ಹಾಕಿ, ಮೂತ್ರದ ಕೆಲವು ಹನಿ ಬಿಟ್ಟು, ದೀಪದ ಮೇಲೆ ಕಾಯಿಸಿದರು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ ಇದೆ, ಹಳದಿಯಾದರೆ ಹೆಚ್ಚು, ಕೆಂಪಾದರೆ ಇನ್ನೂ ಹೆಚ್ಚು ಎಂದು ಅವರು ನನಗೆ ವಿವರಿಸುತ್ತಿರುವಾಗಲೇ ನಳಿಗೆಯ ಬಣ್ಣ ಹಸಿರನ್ನೂ ಹಳದಿಯನ್ನೂ ದಾಟಿ ಇಟ್ಟಿಗೆಯ ಹಾಗೆ ಕೆಂಪಾಗಿ ನಿಂತಿತು. ಸಿಹಿಮೂತ್ರ ರೋಗ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಊಟದಲ್ಲಿ ಹಿಡಿತ ಬಂದು ಸಕ್ಕರೆ ಇಳಿದರೆ ಹುಣ್ಣು ಮಾದೀತು. ಇಳಿಯದೆ ಕಪ್ಪು ಪಾದಕ್ಕೆ ಏರಿದರೆ ಬೆಂಗಳೂರಿಗೆ ಕಳಿಸಿ ಕಾಲು ತೆಗೆಸಬೇಕಾಗುತ್ತದೆ. ಅನ್ನ ಬೇಡ, ಸಿಹಿ ಬೇಡ, ಒಂದು ಹೊತ್ತಿಗೆ ಸಣ್ಣ ಮುದ್ದೆ, ಉಳಿದಂತೆ ಸೊಪ್ಪು, ಹುರುಳಿಕಟ್ಟು, ಮಜ್ಜಿಗೆ. ಬರಿಗಾಲಲ್ಲಿ ಓಡಾಡಕೂಡದು.

ಮುದ್ದಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಆಮೇಲೆ, ಮೆಟ್ಟು ಹಾಕಿಕೊಂಡರೆ ಬೀದಿಯವರು ದೊರೆಸಾನಿ ಎಂದು ಆಡಿಕೊಳ್ಳುತ್ತಾರಲ್ಲ ಎಂದಳು. ಕಾಲಿನ ವಿಚಾರ ಎತ್ತಲೇ ಇಲ್ಲ. ಅವಳಿಗೂ ಅಷ್ಟೇ ಹೆದರಿಕೆಯಾಗಿದೆ ಎಂದು ಅದರಿಂದಲೇ ನನಗೆ ಗೊತ್ತಾಯಿತು.

ಅವಳ ಪಥ್ಯ ಅಂದರೆ ಪಥ್ಯ. ಹೆರಿಗೆಯಾದ ಮನೆಗಳಲ್ಲಿ ಮೊರದ ತುಂಬ ಅಕ್ಕಿ ಕೊಡುತ್ತಾರೆ, ಅದನ್ನು ಪಕ್ಕದ ಮನೆಗೆ ಕೊಟ್ಟು ಹುರುಳಿ ತೆಗೆದುಕೊಂಡಳು. ಬೆಳಗಾದರೆ ಅಣ್ಣೆಸೊಪ್ಪು ಹುಡುಕಿಕೊಂಡು ಬರುತ್ತಿದ್ದಳು. ಯಾರ ಮನೆಯಲ್ಲೂ ಎಲೆ ಮುಂದೆ ಕೂರಲಿಲ್ಲ. ಮೊದಲ ತಿಂಗಳು ಮುಗಿಯುವ ಹೊತ್ತಿಗೆ ನಳಿಗೆಯ ಕೆಂಪು ಹೋಗಿ ಹಳದಿ ಬಂತು. ಅವತ್ತು ಇಬ್ಬರೂ ಹಬ್ಬ ಮಾಡಿದಷ್ಟು ಸಂತೋಷದಿಂದ ಮನೆಗೆ ಬಂದೆವು. ಇನ್ನೊಂದು ತಿಂಗಳಿಗೆ ಹಸಿರು, ಆಮೇಲೆ ನೀಲಿ ಎಂದು ನಾನು ಲೆಕ್ಕ ಹಾಕಿಕೊಂಡುಬಿಟ್ಟೆ.

ಹಸಿರು ಬರಲಿಲ್ಲ. ಮುಂದಿನ ಸಲವೂ ಹಳದಿ, ಅದರ ಮುಂದಿನ ಸಲವೂ ಹಳದಿ. ಸಂಕ್ರಾಂತಿಯ ದಿನ ಮನೆಮನೆಯಲ್ಲೂ ಕೊಟ್ಟ ಎಳ್ಳುಬೆಲ್ಲವನ್ನು ಅವಳು ಸೆರಗಿನಲ್ಲಿ ಕಟ್ಟಿ ತಂದು ನನ್ನೆದುರೇ ಬೀದಿ ಮಕ್ಕಳಿಗೆ ಹಂಚಿದಳು, ಒಂದು ಕಾಳು ಬಾಯಿಗೆ ಹಾಕಲಿಲ್ಲ. ಆದರೂ ಆ ವಾರ ಹಳದಿಯೇ. “ಅರಿಸಿನ ಶುಭ ಕಣವ್ವ, ಯಾಕಂಗೆ ಮೋರೆ ಮಾಡ್ಕೊಂಡಿದ್ದೀಯ” ಎಂದು ನನ್ನನ್ನೇ ನಗಿಸಲು ನೋಡಿದಳು. ನನಗೆ ನಗು ಬರಲಿಲ್ಲ. ಹುಣ್ಣಿನ ಕಪ್ಪು ಉಗುರಿನ ಬುಡ ದಾಟಿ ಒಂದು ಎಳ್ಳಿನಷ್ಟು ಮೇಲೆ ಬಂದಿತ್ತೋ, ನನ್ನ ಕಣ್ಣಿಗೆ ಹಾಗೆ ಕಂಡಿತ್ತೋ, ಈಗಲೂ ಹೇಳಲಾರೆ. ಕಣ್ಣು ಮುಚ್ಚಿದರೆ ಖಾಲಿ ಪಂಚೆ ಕಾಣುತ್ತಿತ್ತು. ಅಷ್ಟರಲ್ಲಿ ನನಗೂ ದಿನ ನಿಂತಿತ್ತು. ಮತ್ತೆ ಬಸುರಿ ಎಂದು ಖಾತ್ರಿಯಾದ ಮೇಲಂತೂ ಎರಡು ಭಯವೂ ಸೇರಿ ಒಂದೇ ಆಗಿಬಿಟ್ಟವು.

ಮಾಘದ ಕೊನೆಗೆ ಡಾಕ್ಟರು ಸ್ವಲ್ಪ ಗಟ್ಟಿಯಾಗೇ ಕೇಳಿದರು. ಕದ್ದು ತಿನ್ನುತ್ತಿದ್ದೀಯಾ ಎಂದರು. ಮುದ್ದಕ್ಕ ಎದ್ದು ಬಂದಳು. ಹಾದಿಯಲ್ಲಿ ನನಗೆ ಮುಖ ತೋರಿಸದೆ ಮುಂದೆ ಮುಂದೆ ನಡೆದಳು.

“ಹೊಟ್ಟೆ ಕಟ್ಟಿ ಕಟ್ಟಿ ಸಾಕಾಗೋಯ್ತು ನಂಗೆ. ತಿಂದಿದ್ರೆ ಅನ್ನಲಿ, ಅನ್ನಿಸ್ಕೊಂತೀನಿ. ತಿನ್ನದೆ ಅನ್ನಿಸ್ಕೋಬೇಕಾ? ಕಾಲು ಓದ್ರೆ ಓಗ್ಲಿ ಬುಡು.”

ಅಲ್ಲಿಂದ ಅವಳು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಮೆಟ್ಟು ಬಿಟ್ಟಳು. ಯಾರದೋ ಮನೆಯ ನಾಮಕರಣದಲ್ಲಿ ಕೂತು ಅನ್ನ, ಪಾಯಸ ಎರಡೂ ಉಂಡಳೆಂದು ನನ್ನ ಅತ್ತೆ ಗಂಗಲಕ್ಷ್ಮಮ್ಮನವರು ಸುದ್ದಿ ತಂದರು. ಅತ್ತೆಯವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಉಣ್ಣುವ ಮೈ, ಉಣ್ಣದಿದ್ದರೆ ಹುಣ್ಣು ಹೇಗೆ ಮಾಯುತ್ತೆ ಎಂದು ಅವರ ವಾದ. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಅದಕ್ಕೂ ಬೈಸಿಕೊಂಡೆ.

ವಿಶಾಲುವಿಗೆ ಎರೆಯಲು ಮಾತ್ರ ಮುದ್ದಕ್ಕ ಬರುವುದು ತಪ್ಪಿಸಲಿಲ್ಲ. ಯುಗಾದಿ ಹತ್ತಿರವಿದ್ದ ಒಂದು ಶುಕ್ರವಾರ. ಎರೆದಾಯಿತು. ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿದು, ಬೆವರು ಒರೆಸಿಕೊಂಡು ಪಡಸಾಲೆಗೆ ಬಂದು ಕೂತಳು. ಅತ್ತೆಯವರು ಎಂದಿನಂತೆ ಅಂಗೈಯಗಲದ ಬೆಲ್ಲದ ಉಂಡೆಯನ್ನೂ ಒಂದು ಚೊಂಬು ನೀರನ್ನೂ ತಂದು ಮುಂದಿಟ್ಟರು. ಬಿಸಿಲಲ್ಲಿ ಬಂದವರಿಗೆ, ದಣಿದವರಿಗೆ ನಮ್ಮ ಕಡೆ ಅದನ್ನು ಕೊಡದ ಮನೆಯಿಲ್ಲ. ವಿಶಾಲು ಕೈ ಚಾಚಿತು. ಮುದ್ದಕ್ಕ ಉಂಡೆಯನ್ನು ಮುರಿದು ಅರ್ಧ ಮಗುವಿನ ಕೈಗಿಟ್ಟಳು.

ನಾನು ಓಡಿಹೋಗಿ ಕಿತ್ತುಕೊಂಡೆ. ಇಷ್ಟು ಬೆಲ್ಲ ತಿಂದರೆ ಮಗುವಿಗೆ ಹೊಟ್ಟೆಹುಳ ಆಗುವುದಿಲ್ಲವೇ ಎಂದು ರೇಗಿದೆ. ಮುದ್ದಕ್ಕನಿಗೆ ನಗು ಬಂತು.

“ಹುಳ ಆಗೋದಾದ್ರೆ ನಂಗಾಗ್ಬೇಕಿತ್ತು ಕಣವ್ವ, ಹುತ್ತದಂಗೆ. ಹೊತ್ತು ಹುಟ್ಟಿದಾಗಿಂದ ಇದು ಐದ್ನೇ ಮನೆ. ಎಲ್ಲಾ ಮನೇಲೂ ಕೊಟ್ಟವ್ರೆ, ಎಲ್ಲಾ ಮನೇಲೂ ಬಾಯಿಗೆ ಆಕ್ಕೊಂಡಿವ್ನಿ.”

ನನ್ನ ಕೈಯಲ್ಲಿದ್ದ ಬೆಲ್ಲ ಅಂಟತೊಡಗಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಇಷ್ಟು ತಿಂಗಳು, ಅವಳು ಹುರುಳಿಕಟ್ಟು ಕುಡಿದು ಬಂದ ದಿನಗಳಲ್ಲೆಲ್ಲ, ಆ ಉಂಡೆ ನನ್ನ ಕಣ್ಣ ಮುಂದೆಯೇ ಅವಳ ಬಾಯಿಗೆ ಹೋಗುತ್ತಿತ್ತು. ಅವಳಿಗೆ ಅದು ಊಟವಲ್ಲ. ನನಗೂ ಅಲ್ಲ. ಕೊಟ್ಟ ಅತ್ತೆಯವರಿಗೂ ಅಲ್ಲ. ದಣಿವಿಗೆ ಕೊಡುವುದು, ದಣಿವಿಗೆ ತೆಗೆದುಕೊಳ್ಳುವುದು. ಡಾಕ್ಟರು ಏನು ಊಟ ಮಾಡಿದೆ ಎಂದು ಕೇಳಿದರೆ ಯಾರಾದರೂ ಕುಡಿದ ನೀರನ್ನು ಹೇಳುತ್ತಾರೆಯೇ?

ಸಕ್ಕರೆ ಇಳಿಯದಿದ್ದದ್ದು ಈ ಬೆಲ್ಲದಿಂದ ಎಂದಾಗ ಮುದ್ದಕ್ಕ ಮೊದಲು ನಂಬಲಿಲ್ಲ. ಆಮೇಲೆ ಅವಳ ಮುಖ ಬಿಳಿಚಿಕೊಂಡಿತು. ಬಿಡುವುದು ಹೇಗೆ ಎಂದಳು. ಅನ್ನ ಬೇಡವೆಂದರೆ ಪಥ್ಯ ಅಂದುಕೊಳ್ಳುತ್ತಾರೆ. ಬೆಲ್ಲ ಬೇಡವೆಂದರೆ ಆ ಮನೆಯನ್ನೇ ಬೇಡವೆಂದ ಹಾಗೆ. ಅದರಲ್ಲೂ ಕೂಸು ಹುಟ್ಟಿದ ಮನೆಯಲ್ಲಿ.

ಆದರೂ ಬೆಲ್ಲ ಬಿಟ್ಟಳು, ಮತ್ತೆ ಪಥ್ಯ ಹಿಡಿದು ಆಸ್ಪತ್ರೆಗೂ ಬಂದಳು. ಅವಳು ಹೇಳಿದಂತೆಯೇ ಆಯಿತು. ಕೆಲವು ಮನೆಯವರು ಬೆಲ್ಲದ ಬದಲು ಮಜ್ಜಿಗೆ ಕೊಟ್ಟರು. ಕಡಲೆಕಾಯಿ ವ್ಯಾಪಾರದ ವೃಷಭೇಂದ್ರಪ್ಪನವರ ಮನೆಯ ಹಿರಿಯಾಕೆ ಮಾತ್ರ, ನಮ್ಮ ಬೆಲ್ಲ ಒಲ್ಲದ ಕೈ ನಮ್ಮ ಕೂಸನ್ನು ಮುಟ್ಟುವುದು ಬೇಡ ಎಂದು ಹೇಳಿ, ಕೊರಟಗೆರೆಯಿಂದ ಬೇರೆ ಹೆಂಗಸನ್ನು ಕರೆಸಿದರು. ಆ ಸುದ್ದಿ ಹಬ್ಬಿ ಇನ್ನೆರಡು ಮನೆ ತಪ್ಪಿಹೋದವು. ಅತ್ತೆಯವರೂ ಮುಖ ಗಂಟಿಕ್ಕಿದರು. ದಿನದ ಬೆಲ್ಲ ಬಿಡು, ನನ್ನ ಸೊಸೆಯ ಹೆರಿಗೆ ದಿನ ಬಾಗಿಲ ಬೆಲ್ಲ ಬಿಟ್ಟರೆ ನಾನು ಸುಮ್ಮನಿರುವುದಿಲ್ಲ ಎಂದು ಮುದ್ದಕ್ಕನಿಗೆ ಆಗಲೇ ಹೇಳಿಟ್ಟರು. ಹೆರಿಗೆ ಕೋಣೆಯ ಹೊಸ್ತಿಲಲ್ಲಿ ಸೂಲಗಿತ್ತಿಗೆ ಬೆಲ್ಲ ಕೊಡುವುದು ನಮ್ಮ ಕಡೆಯ ಪದ್ಧತಿ. ಅವಳು ಅದನ್ನು ಬಾಯಿಗೆ ಹಾಕಿಕೊಂಡೇ ಒಳಗೆ ಕಾಲಿಡಬೇಕು. ಇಲ್ಲದಿದ್ದರೆ ಕೂಸಿಗಾಗುವುದಿಲ್ಲ ಎನ್ನುತ್ತಾರೆ. ವಿಶಾಲು ಹುಟ್ಟಿದಾಗಲೂ ಹಾಗೇ ನಡೆದಿತ್ತು.

ಜ್ಯೇಷ್ಠಕ್ಕೆ ನಳಿಗೆಯಲ್ಲಿ ಹಸಿರು ಬಂತು. ಅಲ್ಲಿಗೆ ಮತ್ತೆ ನಿಂತಿತು. ಹುಣ್ಣು ಒಣಗಿದಂತೆ ಕಾಣುತ್ತಿತ್ತು, ಮುಚ್ಚುತ್ತಿರಲಿಲ್ಲ. ಕಪ್ಪು ಏರಲೂ ಇಲ್ಲ, ಇಳಿಯಲೂ ಇಲ್ಲ. ಈ ಸಲವೂ ಅವಳು ಎಲ್ಲ ಬಿಟ್ಟು ಎದ್ದುಹೋಗುತ್ತಾಳೆಂದು ನಾನು ದಿನವೂ ಕಾಯುತ್ತಿದ್ದೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಅವಳು ವಿಶಾಲುವಿನ ಬೆನ್ನು ಉಜ್ಜುತ್ತಿದ್ದಳು.

“ದಿನಾ ಎರೀತೀನಲ್ಲ, ಕೂಸು ನೆನ್ನೆಗಿಂತ ಇವತ್ತು ದೊಡ್ಡದಾಯ್ತು ಅಂತ ಒಂದ್ ದಿನಾನಾದ್ರೂ ಕಂಡಿದ್ದೀನಾ? ಕಾಣ್ನಿಲ್ಲ ಅಂತ ಎರೆಯೋದ್ ಬುಟ್ನಾ? ಅಂಗೇ ಕಣವ್ವ ಇದೂ. ನೀನು ದಿನಾ ಬಗ್ಗಿ ಬಗ್ಗಿ ನೋಡ್ಬ್ಯಾಡ, ಬಸುರಿ ಹೆಂಗ್ಸು.”

ನಾನು ನೋಡುವುದನ್ನು ಬಿಡಲಿಲ್ಲ. ಅವಳು ಪಥ್ಯವನ್ನು ಬಿಡಲಿಲ್ಲ. ಮನೆಗಳು ಕಡಿಮೆಯಾದದ್ದರಿಂದ ಸಿಕ್ಕ ಬಿಡುವಿನಲ್ಲಿ ಮೆಟ್ಟು ಹಾಕಿಕೊಂಡು ಸೊಪ್ಪು ತರಲು ಇನ್ನೂ ದೂರ ಹೋಗುತ್ತಿದ್ದಳು. ಬೀದಿಯಲ್ಲಿ ದೊರೆಸಾನಿ ಎಂದವರಿಗೆ, ಹೌದು, ಪಲ್ಲಕ್ಕಿ ಹಿಂದೆ ಬರುತ್ತಿದೆ, ದಾರಿ ಬಿಡಿ ಎನ್ನುತ್ತಿದ್ದಳಂತೆ.

ಈಶ್ವರ ಸಂವತ್ಸರದ ಭಾದ್ರಪದದಲ್ಲಿ ಒಂದು ಮಧ್ಯಾಹ್ನ ನನಗೆ ನೋವು ಶುರುವಾಯಿತು. ಮುದ್ದಕ್ಕನಿಗೆ ಹೇಳಿ ಕಳಿಸಿದರು. ಅವಳ ಮೆಟ್ಟಿನ ಸದ್ದು ಅಂಗಳದಲ್ಲಿ ಕೇಳಿದಾಗ ನನಗೆ ಅಳುವೇ ಬಂತು. ಆದರೆ ಸದ್ದು ಹೊಸ್ತಿಲ ಹತ್ತಿರ ನಿಂತುಬಿಟ್ಟಿತು. ತಲೆ ಎತ್ತಿ ನೋಡಿದೆ. ಅತ್ತೆಯವರು ತಟ್ಟೆಯಲ್ಲಿ ಬೆಲ್ಲ ಇಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದರು.

ಮುದ್ದಕ್ಕ ಕೈ ಚಾಚಿ, ಅರ್ಧಕ್ಕೆ ನಿಲ್ಲಿಸಿದ್ದಳು. ತಿಂದರೆ ಕಾಲು. ತಿನ್ನದೆ ಒಳಗೆ ಬಂದು ಕೂಸಿಗೆ ಏನಾದರೂ ಹೆಚ್ಚುಕಡಿಮೆ ಆದರೆ ಇನ್ನು ಈ ಊರಲ್ಲಿ ಅವಳನ್ನು ಕರೆಯುವವರಿಲ್ಲ. ಒಂದೇ ಉಂಡೆ ತಾನೇ ಎಂದು ಅತ್ತೆಯವರು ಹೇಳುತ್ತಿದ್ದರು. ಒಂದೇ ಉಂಡೆ ನಿಜ. ಆದರೆ ಇಲ್ಲಿ ತಿಂದರೆ ನಾಳೆಯಿಂದ ಎಲ್ಲ ಮನೆಯವರೂ ಅದನ್ನೇ ಹೇಳುತ್ತಾರೆ, ಅವಳು ಎಲ್ಲ ಮನೆಯಲ್ಲೂ ತಿನ್ನಬೇಕಾಗುತ್ತದೆ.

“ಏನ್ ಮಾಡ್ಲವ್ವ? ನೀನೇ ಯೋಳು,” ಎಂದಳು ಅವಳು, ಅತ್ತೆಯವರ ಭುಜದ ಮೇಲಿಂದ ನನ್ನನ್ನು ನೋಡುತ್ತಾ.

ಓದು ಬರಹ ಕಲಿತವಳು ನಾನು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದುಕೊಂಡಿದ್ದೆ. ಆ ಗಳಿಗೆಯಲ್ಲಿ ನಂಬಿದೆ. ತಿಂದುಬಿಡು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನೋವಿನ ಅಲೆ ಬಂದು ಉಸಿರು ಕಟ್ಟಿತು, ಕಣ್ಣು ನೆಲಕ್ಕೆ ಹೋಯಿತು. ಹೊಸ್ತಿಲ ಆಚೆ ಅವಳು ಮೆಟ್ಟು ಬಿಟ್ಟು ನಿಂತಿದ್ದಳು. ಆ ಬೆರಳಿಗೆ ಬಿಳಿಯ ಬಟ್ಟೆ ಸುತ್ತಿತ್ತು.

“ತಿನ್ನಬೇಡ ಮುದ್ದಕ್ಕ. ಒಳಗೆ ಬಾ.”

ಅತ್ತೆಯವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಬೈಗುಳಕ್ಕೆ ನಾನು ಸಿದ್ಧಳಾದೆ. ಅವರು ತಟ್ಟೆಯ ಬೆಲ್ಲವನ್ನು ಎತ್ತಿ, ಇಡೀ ಉಂಡೆಯನ್ನು ತಮ್ಮ ಬಾಯಿಗೇ ಹಾಕಿಕೊಂಡರು.

“ಬಾಗಿಲ ಬೆಲ್ಲ ಹಂಗೇ ಉಳೀಬಾರ್ದು. ನೀನು ತಿನ್ನದಿದ್ರೆ ನಾನು ತಿಂತೀನಿ. ಏನಾದ್ರೂ ಆದ್ರೆ ನನ್ ತಲೆಗೇ ಬರ್ಲಿ. ನಡಿ ಒಳಕ್ಕೆ, ನಿಂತ್ಕೊಂಡು ಏನ್ ನೋಡ್ತೀಯ.”

ಹಲ್ಲು ಉದುರಿದ ಬಾಯಿ, ದೊಡ್ಡ ಉಂಡೆ. ಆಮೇಲೆ ಬಹಳ ಹೊತ್ತು ಅವರು ಏನು ಹೇಳುತ್ತಿದ್ದರೋ ಯಾರಿಗೂ ಅರ್ಥವಾಗಲಿಲ್ಲ. ಬಿಸಿನೀರು ತಾ ಎಂದರೋ ಬಟ್ಟೆ ತಾ ಎಂದರೋ ತಿಳಿಯದೆ ಮುದ್ದಕ್ಕ ಎರಡನ್ನೂ ಹತ್ತಿರ ಇಟ್ಟುಕೊಂಡಳು.

ಸಂಜೆಗೆ ಕೂಸು ಹುಟ್ಟಿತು. ಅಳಲಿಲ್ಲ. ಹೊಕ್ಕುಳಬಳ್ಳಿ ಕತ್ತಿಗೆ ಸುತ್ತಿಕೊಂಡಿತ್ತು. ನಾನು ಕಂಡದ್ದು ನೀಲಿಗಟ್ಟಿದ ಒಂದು ಸಣ್ಣ ಮುಖ, ಅಷ್ಟೇ. ನಾನೇ ಬೇಡವೆಂದೆ, ನಾನೇ ಬೇಡವೆಂದೆ ಎನ್ನುವುದು ಬಿಟ್ಟರೆ ನನ್ನ ತಲೆಯಲ್ಲಿ ಇನ್ನೇನೂ ಇರಲಿಲ್ಲ. ಅತ್ತೆಯವರು ಗೋಡೆಗೆ ಒರಗಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಮುದ್ದಕ್ಕ ಮಾತ್ರ ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಬೆರಳು ತೂರಿಸಿ ಬಳ್ಳಿಯ ಸುತ್ತು ಬಿಡಿಸಿದಳು. ಕೂಸನ್ನು ಬೋರಲು ಮಾಡಿ ಬೆನ್ನು ತಿಕ್ಕಿದಳು, ಬಾಯಿಯಲ್ಲಿದ್ದದ್ದನ್ನು ತೆಗೆದಳು, ಅಂಗಾಲು ತಟ್ಟಿದಳು, ಮತ್ತೆ ತಿಕ್ಕಿದಳು. ಏಳಪ್ಪ, ಏಳಪ್ಪ ಎಂದು ಮೆಲ್ಲಗೆ, ನಿದ್ದೆಯಿಂದ ಎಬ್ಬಿಸುವವಳ ಹಾಗೆ ಹೇಳುತ್ತಿದ್ದಳು. ಕೊನೆಗೆ ಅದು ಸೀನಿದಂತೆ ಒಂದು ಸದ್ದು ಮಾಡಿತು. ಆಮೇಲೆ ಅಳು ಬಂತು.

ಅತ್ತೆಯವರು ಕೂತಲ್ಲೇ ಬಿಕ್ಕಿಬಿಕ್ಕಿ ಅತ್ತರು. ಮಾರನೆಯ ದಿನದಿಂದ ಬೀದಿಯವರಿಗೆ, ನಾನು ಬೆಲ್ಲ ತಿಂದದ್ದಕ್ಕೇ ಮೊಮ್ಮಗ ಉಳಿದ ಎಂದು ಹೇಳಿಕೊಂಡು ಬಂದರು. ಅದನ್ನು ಕೇಳಿದ ಇನ್ನೊಂದು ಮನೆಯಲ್ಲೂ ಬಾಗಿಲ ಬೆಲ್ಲವನ್ನು ಮನೆಯ ಅಜ್ಜಿಯೇ ತಿಂದರಂತೆ. ಯಾರು ತಿಂದರೇನು, ಮುದ್ದಕ್ಕ ತಿನ್ನಲಿಲ್ಲ. ವೃಷಭೇಂದ್ರಪ್ಪನವರ ಮನೆಯಿಂದ ಮಾತ್ರ ಇನ್ನೂ ಕರೆ ಬಂದಿಲ್ಲ.

ಈಗ ಕೂಸಿಗೆ ಐದು ತಿಂಗಳು. ಮುದ್ದಕ್ಕನ ಬೆರಳಿನ ಕಪ್ಪು ಪೊರೆ ದೀಪಾವಳಿಯ ಸುಮಾರಿಗೆ ಒಣಗಿ ಉದುರಿತು, ಅದರ ಜೊತೆಗೆ ಉಗುರೂ ಹೋಯಿತು. ಅಡಿಯಲ್ಲಿ ಎಳೆಯ ಕೆಂಪು ಚರ್ಮ ಬಂದಿದೆ, ಒಂದು ಅಂಚು ಇನ್ನೂ ಕೂಡಿಲ್ಲ. ಬೆಂಗಳೂರಿಗೆ ಕಳಿಸುವ ಮಾತನ್ನು ಡಾಕ್ಟರು ಈಗ ಆಡುತ್ತಿಲ್ಲ, ಆದರೆ ಇನ್ನು ಭಯವಿಲ್ಲ ಎಂದೂ ಹೇಳಿಲ್ಲ. ನಳಿಗೆ ಒಂದು ಸಲ ನೀಲಿಯಾಗಿತ್ತು, ಮುಂದಿನ ಸಲ ಮತ್ತೆ ಹಸಿರು. ನಾನು ಅವತ್ತು ಅತ್ತುಬಿಟ್ಟೆ, ಅವಳು ಸೊಪ್ಪು ಬಿಡಿಸುತ್ತಾ ಕೂತಿದ್ದಳು.

ಬೆಳಿಗ್ಗೆ ಬಂದವಳೇ ಅವಳು ಕಟ್ಟೆಯ ಬಿಸಿಲಿಗೆ ಕಾಲು ಚಾಚುತ್ತಾಳೆ. ನಾನು ಕೂಸನ್ನು ಸೊಂಟಕ್ಕೆ ಏರಿಸಿಕೊಂಡೇ ಬಗ್ಗಿ, ಬೆರಳಸಂದಿಯನ್ನೆಲ್ಲ ಬಿಡಿಸಿ ನೋಡುತ್ತೇನೆ.

“ನೋಡಿದ್ದಾಯ್ತಾ? ಕೂಸು ಕೊಡವ್ವ, ನೀರು ಆರೋಯ್ತದೆ.”